ಗುಂಡಿಗೆ

9 ಜನವರಿ 2014

ಪ್ರೀತಿಯ ತಂಗಿಗೆ,

ನಾನು ಚೆನ್ನಾಗಿದ್ದೀನಿ. ಇದನ್ನ ಮೊದಲೇ ಬರೆದುಬಿಡ್ತೀನಿ, ಇಲ್ಲಾಂದ್ರೆ ನೀನು ಪತ್ರವನ್ನ ಕೊನೆಯಿಂದ ಓದೋಕೆ ಶುರು ಮಾಡ್ತೀಯ. ನಿನಗಿಂತ ಮುಂಚೆ ಇದನ್ನ ಓದೋ ವಾರ್ಡನ್ ಮೇಡಂಗೂ ನಮಸ್ಕಾರ.

ಹೋದ ಭೇಟಿ ದಿನ ನೀನು ಗುಂಡಿಯನ್ನ ಎತ್ಕೊಂಡು ಜೈಲಿನ ಗೇಟಿನ ಹೊರಗೆ ಬಿಸಿಲಲ್ಲಿ ನಿಂತಿದ್ದೆಯಂತೆ. ನಿನ್ನ ಸರದಿ ಬರೋ ಹೊತ್ತಿಗೆ ‘ಇವತ್ತಿಂದು ಮುಗೀತು’ ಅಂತ ಕಿಟಕಿ ಮುಚ್ಚಿದ್ರಂತೆ. ನಾನು ಒಳಗೆ ತಲೆ ಬಾಚ್ಕೊಂಡು ಕಾಯ್ತಾ ಕೂತಿದ್ದೆ. ನನ್ನ ಮಗಳು ಗೋಡೆ ತನಕ ಬಂದು ಹೋದಳು ಅಂತ ನಿನ್ನ ಪತ್ರ ಬಂದ ಮೇಲೇ ಗೊತ್ತಾಗಿದ್ದು.

ಒಂದು ಹೊಸ ಸುದ್ದಿ. ಇಲ್ಲಿ ಒಬ್ಬರು ನಿವೃತ್ತ ಮೇಡಂ ಬಂದು ಕಂಪ್ಯೂಟರ್ ಕಲಿಸ್ತಾರೆ. ಜಾವಾ ಅನ್ನೋ ಭಾಷೆ ಆಗಲೇ ಅಷ್ಟಿಷ್ಟು ಕಲಿತಿದ್ದೀನಿ. ಮಧ್ಯದಲ್ಲಿ ಬಿಟ್ಟರೆ ನೀನು ಆಡ್ಕೊಂಡು ನಗ್ತೀಯ ಅಂತ ಹೇಳಿರಲಿಲ್ಲ, ಅಷ್ಟೆ. ಈಗ ಅದರಲ್ಲೇ ವೆಬ್ ಪುಟ ಕಟ್ಟೋದನ್ನ ಶುರು ಮಾಡಿದ್ದಾರೆ. ಕಟ್ಟೋಕೆ ಒಂದು ಚೌಕಟ್ಟು ಇದೆ, ಅದರ ಹೆಸರು ವಿಕೆಟ್. ನಾನು “ಮೇಡಂ, ಹಾಗಾದ್ರೆ ನಾನು ಮೊದಲನೇ ಬಾಲಿಗೇ ಔಟು” ಅಂದೆ. ಅವರು ನಕ್ಕು, ದೊಡ್ಡ ಗೇಟಿನೊಳಗೆ ಒಬ್ಬರೇ ತೂರಿ ಬರೋ ಹಾಗೆ ಇರುತ್ತಲ್ಲ ದಿಡ್ಡಿ ಬಾಗಿಲು, ಅದಕ್ಕೂ ವಿಕೆಟ್ ಅಂತಲೇ ಹೆಸರು ಅಂದ್ರು. ಇಡೀ ಕ್ಲಾಸು ಕಿಟಕಿ ಕಡೆ ತಿರುಗಿ ನಮ್ಮ ಗೇಟನ್ನ ನೋಡ್ತು.

ಬರೆದಾದ ಮೇಲೆ ಮೇಡಂ “ಈಗ ಓಡಿಸು” ಅಂದ್ರು. ಪ್ರೋಗ್ರಾಮಿಗೂ ಓಡಿಸೋದು ಅಂತಲೇ ಅಂತಾರೆ ಕಣೆ. ನಿನಗೆ ಗೊತ್ತಲ್ಲ, ನಾನು ಓಡಿಸ್ತಿದ್ದ ಆಂಬುಲೆನ್ಸ್ ಅಡಿಗೆ ಆ ಹಿರಿಯರು ಸಿಕ್ಕಿ ತೀರ್ಕೊಂಡ ದಿನದಿಂದ ಆ ಪದ ಕಿವಿಗೆ ಬಿದ್ರೆ ಎದ್ದು ಹೋಗ್ತಿದ್ದೆ. ಈ ಸಲ ಕಣ್ಣು ಮುಚ್ಚಿ ಒತ್ತಿದೆ. ಪರದೆ ತುಂಬ ಕೆಂಪಕ್ಷರದಲ್ಲಿ ತಪ್ಪುಗಳು ಸುರಿದ್ವು. ಯಾರಿಗೂ ಏನೂ ಆಗಲಿಲ್ಲ. ತಿದ್ದಿ ಮತ್ತೆ ಓಡಿಸಿದೆ.

ಇಲ್ಲಿ ಇಂಟರ್‌ನೆಟ್ ಇಲ್ಲ, ಬೇಕಾದ್ದನ್ನ ಮೇಡಂ ಡಿಸ್ಕಿನಲ್ಲಿ ತರ್ತಾರೆ. ನಾವು ಬರೆದ ಪುಟವನ್ನ ನಮ್ಮ ಕಂಪ್ಯೂಟರೇ ಕೊಡುತ್ತೆ, ನಮ್ಮ ಕಂಪ್ಯೂಟರೇ ಈಸ್ಕೊಳ್ಳುತ್ತೆ. ತಾನೇ ಅಂಗಡಿ, ತಾನೇ ಗಿರಾಕಿ.

ಗುಂಡಿಗೆ ಮುತ್ತು. ಎರಡೂ ಕೆನ್ನೆಗೆ.

ಅಕ್ಕ

---

2 ಫೆಬ್ರವರಿ 2014

ಪ್ರೀತಿಯ ಅಕ್ಕ,

ನಿನ್ನ ಪತ್ರ ಓದಿ ಇವರು “ನಿಮ್ಮಕ್ಕ ಸ್ಟೀರಿಂಗ್ ಬಿಟ್ಟು ಕೀಬೋರ್ಡ್ ಹಿಡಿದಳಾ, ಭಲೆ” ಅಂದ್ರು. ನನಗೂ ಖುಷಿಯಾಯ್ತು. ಕೈಗೊಂದು ಕೆಲಸ ಇದ್ರೆ ದಿನ ಸರಿಯುತ್ತೆ.

ಗುಂಡಿಗೆ ಕೆಮ್ಮು ಇತ್ತು, ಈಗ ವಾಸಿ. ಅದಕ್ಕೇ ಈ ಸಲ ಬರಲಿಲ್ಲ. ಆ ಸರದಿಯಲ್ಲಿ ನಿಲ್ಲೋದಂದ್ರೆ ಮಗುವಿಗೆ ಆಗಲ್ಲ ಅಕ್ಕ. ನೆರಳಿಲ್ಲ, ನೀರಿಲ್ಲ, ಒಳಗೆ ಬಿಡ್ತಾರೋ ಇಲ್ವೋ ಅದೂ ಗೊತ್ತಿರಲ್ಲ.

ಕನ್ನಡಕದಂಗಡಿಯಲ್ಲಿ ಕೆಲಸ ಜಾಸ್ತಿ. ದಿನವಿಡೀ ಗಾಜು ಉಜ್ಜಿ ಉಜ್ಜಿ ಬೆರಳ ತುದಿ ನುಣ್ಣಗಾಗಿದೆ. ಗುಂಡಿ ಬಾಯಿಬಡಕಿ ಆಗಿದ್ದಾಳೆ. ಮನೆಯಲ್ಲಿರೋ ಪ್ರತಿಯೊಂದಕ್ಕೂ ಅವಳದೇ ಒಂದು ಹೆಸರು. ಪೊರಕೆಗೆ ‘ಗುಯ್ಯ’ ಅಂತಾಳೆ, ಯಾಕೋ ಯಾರಿಗೂ ಗೊತ್ತಿಲ್ಲ.

ತಂಗಿ

---

20 ಫೆಬ್ರವರಿ 2014

ಪ್ರೀತಿಯ ತಂಗಿಗೆ,

‘ಗುಯ್ಯ’ ಓದಿ ಸೆಲ್ಲಿನಲ್ಲಿ ಎಲ್ಲರಿಗೂ ಹೇಳಿದೆ. ಈಗ ಇಲ್ಲಿ ಪೊರಕೆಗೆ ಅದೇ ಹೆಸರು. “ಗುಯ್ಯ ಎಲ್ಲಿ, ಇವತ್ತು ಯಾರ ಪಾಳಿ” ಅಂತ ಜಗಳ ಆಗುತ್ತೆ.

ಪಾಠ ಈಗ ರುಚಿ ಹತ್ತಿದೆ. ಪುಟ ಅಂದ್ರೆ ಒಂದು ದೊಡ್ಡ ಡಬ್ಬಿ ಅಂದ್ಕೊ. ಅದರೊಳಗೆ ಚಿಕ್ಕ ಡಬ್ಬಿಗಳು: ಬರಹ ತೋರಿಸೋದು, ಅಕ್ಷರ ತುಂಬೋದು, ಒತ್ತೋ ಗುಂಡಿ. ಒಂದೊಂದೂ ಒಂದು ಕಾಂಪೊನೆಂಟು. ಸರಿಯಾಗಿ ಒಂದು ಸಲ ಕಟ್ಟಿದ್ರೆ ಎಲ್ಲಿ ಬೇಕಾದ್ರೂ ತಗೊಂಡು ಹೋಗಿ ಕೂರಿಸಬಹುದು. ಒಂದೇ ಷರತ್ತು. ಕಾಣೋ ಪುಟದಲ್ಲಿ ಅದಕ್ಕೆ ಯಾವ ಹೆಸರಿಟ್ಟಿರ್ತೀವೋ, ಹಿಂದೆ ಜಾವಾದಲ್ಲೂ ಅದೇ ಹೆಸರಿರಬೇಕು. ಒಂದಕ್ಷರ ಆಚೀಚೆ ಆದ್ರೂ ‘ಇಂಥವಳು ನಮ್ಮಲ್ಲಿಲ್ಲ’ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳುತ್ತೆ.

ಮೊದಲು ಕಟ್ಟಿದ ಗುಂಡಿಗೆ ಗುಂಡಿ ಅಂತಲೇ ಹೆಸರಿಟ್ಟೆ. “ಬಟನ್‌ಗೆ ಬಟನ್ ಅಂತ ಹೆಸರಿಟ್ರೆ ನಾಳೆ ಹತ್ತು ಬಟನ್ ಆದಾಗ ಏನ್ಮಾಡ್ತೀಯ?” ಅಂತ ಮೇಡಂ ಬೈದ್ರು. ಅದು ಮಗಳ ಹೆಸರು, ಅಂಗಿ ಗುಂಡಿಯಂಥ ಕಣ್ಣು ನೋಡಿ ನನ್ನ ತಂಗಿ ಇಟ್ಟಿದ್ದು ಅಂತ ಹೇಳಲಿಲ್ಲ. ಹೆಸರೂ ಬದಲಾಯಿಸಲಿಲ್ಲ.

ಈಗ ಕೇಳು. ಕಲಿಯೋಕೆ ಒಬ್ಬೊಬ್ಬರೂ ಒಂದೊಂದು ಅಪ್ಲಿಕೇಶನ್ ಕಟ್ಟಬೇಕು. ನಾನು ಭೇಟಿಯದ್ದು ಕಟ್ತೀನಿ. ಬರೋರು ಮನೆಯಲ್ಲೇ ಕೂತು ದಿನ, ಹೊತ್ತು ಆರಿಸ್ಕೊಂಡು ಹೆಸರು ಹಾಕಬಹುದು. ಆ ಹೊತ್ತಿಗೆ ಬಂದ್ರೆ ಸಾಕು, ಸರದಿಯಿಲ್ಲ, ಬಿಸಿಲಿಲ್ಲ. ನಿನಗೋಸ್ಕರ ಅಂತ ಮೇಡಂಗೆ ಹೇಳಿಲ್ಲ, ಎಲ್ಲರಿಗೋಸ್ಕರ ಅಂದಿದ್ದೀನಿ.

ಗುಂಡಿಗೆ ನನ್ನ ಫೋಟೋ ತೋರಿಸ್ತಿದ್ದೀಯ ತಾನೆ? ಏನಂತಾಳೆ?

ಅಕ್ಕ

---

14 ಮೇ 2014

ಅಕ್ಕ,

ತಡವಾಯ್ತು, ಬೇಜಾರಾಗ್ಬೇಡ. ಇವರು ಲಿಫ್ಟ್ ರಿಪೇರಿಗೆ ಅಂತ ಊರೂರು ಅಲೀತಾರೆ, ಮನೇಲಿರೋದು ಭಾನುವಾರ ಮಾತ್ರ. ಭಾನುವಾರ ನಿಮ್ಮಲ್ಲಿ ಭೇಟಿ ಇರಲ್ಲ. ಒಬ್ಬಳೇ ಅಷ್ಟು ದೂರ ಮಗುನ ಕಟ್ಕೊಂಡು ಬರೋಕೆ ಧೈರ್ಯ ಸಾಲಲ್ಲ.

ಗುಂಡಿಯನ್ನ ಶಿಶುವಿಹಾರಕ್ಕೆ ಸೇರಿಸಿದ್ವಿ. ಮೊದಲನೇ ದಿನ ಅಳಲಿಲ್ಲ. ಅತ್ತಿದ್ದು ನಾನು, ಗೇಟಿನ ಹೊರಗೆ ನಿಂತು. ನೀಲಿ ಬಣ್ಣದ ಬೂಟು ಬೇಕೇ ಬೇಕು ಅಂತ ಹಟ ಹಿಡಿದು ಹಾಕಿಸ್ಕೊಂಡಳು.

ನಿನ್ನ ಫೋಟೋ ಗೋಡೆ ಮೇಲೆ ಇದೆ.

ತಂಗಿ

---

1 ಜೂನ್ 2014

ಪ್ರೀತಿಯ ತಂಗಿಗೆ,

ಮೊದಲನೇ ದಿನ ಅಳಲಿಲ್ಲವಾ! ನನ್ನ ಹಾಗೆ ಗಟ್ಟಿಗಿತ್ತಿ. ನೀನು ಮಾತ್ರ ಚಿಕ್ಕಂದಿನಿಂದಲೂ ಅಳುಬುರುಕಿ.

ಭಾನುವಾರದ ವಿಷಯ ಸೂಪರಿಂಟೆಂಡೆಂಟ್ ಹತ್ರ ಮೇಡಂ ಮಾತಾಡಿದ್ರು. ಸರದಿ ಗಲಾಟೆ ಇಲ್ಲದಿದ್ರೆ ತಿಂಗಳಿಗೊಂದು ಭಾನುವಾರ ಬಿಡಬಹುದು ಅಂದ್ರಂತೆ. ಅಷ್ಟು ಸಾಕಿತ್ತು ನನಗೆ, ಕ್ಯಾಲೆಂಡರ್ ತೋರಿಸೋ ಕಾಂಪೊನೆಂಟಿನಲ್ಲಿ ಭಾನುವಾರ ಸೇರಿಸಿಬಿಟ್ಟೆ. ಮಕ್ಕಳನ್ನ ಕರ್ಕೊಂಡು ಬರೋರಿಗೆ ಬೇರೆ ಒಂದು ಭಾಗ ಮಾಡಿದ್ದೀನಿ. ‘ಜೊತೆಗೆ ಮಗು ಇದೆ’ ಅಂತ ಗುರುತು ಹಾಕಿದ್ರೆ ಅದು ತೆರ್ಕೊಳ್ಳುತ್ತೆ, ಇಲ್ಲದಿದ್ರೆ ಕಾಣೋದೇ ಇಲ್ಲ.

ಈ ಕಾಣದ ಹಾಗೆ ಮಾಡೋದೇ ನನಗೆ ಕಾಟ ಕೊಟ್ಟಿದ್ದು. ಕಾಣದಿದ್ರೂ ಅದು ಒಳಗೆ ಇರುತ್ತೆ. ಆದ್ರೆ ಪುಟ ಪೂರ್ತಿ ಬದಲಾಗದೆ ಅದು ಮತ್ತೆ ಬರಬೇಕು ಅಂದ್ರೆ, ಅದರ ಜಾಗದಲ್ಲಿ ಮೊದಲೇ ಒಂದು ಖಾಲಿ ಗುರುತು ಇಟ್ಟಿರಬೇಕು. ಇಡದಿದ್ರೆ ಬಂದು ಕೂರೋಕೆ ಜಾಗವೇ ಇರಲ್ಲ. ಗೊತ್ತಿಲ್ಲದೆ ಎಷ್ಟು ಒದ್ದಾಡಿದೆ! ಒತ್ತಿದೆ, ಒತ್ತಿದೆ, ಏನೂ ಬರಲಿಲ್ಲ. ಮೇಡಂ ಬಂದು ಒಂದೇ ಸಾಲು ಸೇರಿಸಿದ್ರು, ಟಪ್ಪಂತ ಬಂತು.

ಫೋಟೋ ಗೋಡೆ ಮೇಲಿದೆ ಅಂದ್ಯಲ್ಲ, ಅವಳ ಕಣ್ಣಿಗೆ ಎಟುಕೋ ಎತ್ತರಕ್ಕೆ ಇಳಿಸು.

ಅಕ್ಕ

---

19 ಆಗಸ್ಟ್ 2014

ಪ್ರೀತಿಯ ತಂಗಿಗೆ,

ಹೋದ ಪತ್ರ ಸಿಗಲಿಲ್ವೇನೋ. ಇಲ್ಲಿಂದ ಕೆಲವು ಪತ್ರ ತಡವಾಗಿ ಹೋಗುತ್ತೆ ಅಂತಾರೆ. (ವಾರ್ಡನ್ ಮೇಡಂ, ದೂರಲ್ಲ ಇದು.)

ಸೂಪರಿಂಟೆಂಡೆಂಟ್ ಎದುರಿಗೆ ಓಡಿಸಿ ತೋರಿಸಿದ್ವಿ. ನಾನು ಕುರ್ಚಿಯಲ್ಲಿ, ಅವರು ನನ್ನ ಹಿಂದೆ ನಿಂತು! ಒಂದೇ ಹೊತ್ತಿಗೆ ಇಬ್ಬರು ಹೆಸರು ಹಾಕಿದ್ರೆ ಏನಾಗುತ್ತೆ ಅಂತ ಕೇಳಿದ್ರು, ಅದನ್ನೂ ತೋರಿಸಿದೆ. ಒಳಗಿರೋರಿಗೆ ಯಾರನ್ನಾದ್ರೂ ನೋಡೋಕೆ ಇಷ್ಟ ಇಲ್ಲದಿದ್ರೆ ಅಂತ ಕೇಳಿದ್ರು. ಹಾಗೂ ಇರ್ತಾರಾ ಅನ್ನಿಸ್ತು. ಆದ್ರೂ ಬೇಡ ಅನ್ನೋಕೆ ಒಂದು ಬಟನ್ ಹಾಕಿ, ಹೊರಗಿನವರಿಗೆ ಬೇಜಾರಾಗದ ಹಾಗೆ ಒಂದು ಸಾಲು ಬರೆದೆ.

‘ನಿಮಗೂ ಬಂದಿಗೂ ಏನು ಸಂಬಂಧ’ ಅನ್ನೋ ಕಡೆ ಪಟ್ಟಿಯಲ್ಲಿ ಮೇಲ್ಗಡೆಯೇ ‘ಮಗಳು’ ಇಟ್ಟಿದ್ದೀನಿ. ನಿನಗೆ ಹುಡುಕೋ ಕಷ್ಟ ಬೇಡ.

ಬರೀ ಕಣೆ. ಎರಡು ಸಾಲಾದ್ರೂ ಬರೀ.

ಅಕ್ಕ

---

30 ಸೆಪ್ಟೆಂಬರ್ 2014

ಅಕ್ಕ,

ಎರಡೂ ಪತ್ರ ಸಿಕ್ಕಿದ್ವು. ನೀನು ಮಾಡಿರೋದು ಓದಿ ಹೆಮ್ಮೆಯಾಯ್ತು. ಸುಳ್ಳಲ್ಲ.

ಗುಂಡಿಗೆ ಬಸ್ ಹತ್ತಿದ್ರೆ ಸಾಕು, ವಾಂತಿ. ಬೆಳಗ್ಗೆ ಹೊತ್ತಂತೂ ಅರ್ಧ ದಾರಿಗೇ ಸುಸ್ತಾಗಿಬಿಡ್ತಾಳೆ. ಸ್ವಲ್ಪ ದೊಡ್ಡವಳಾಗ್ಲಿ ಅಂತ ನೋಡ್ತಿದ್ದೀನಿ. ಅವಳು ಚೆನ್ನಾಗಿದ್ದಾಳೆ ಅಕ್ಕ. ನಗ್ತಾ ಇರ್ತಾಳೆ. ಅದೊಂದು ನಿನಗೆ ಗೊತ್ತಿದ್ರೆ ಸಾಕು.

ನಿನಗೆ ಒಂದು ವಿಷಯ ಬರೀಬೇಕು ಅಂತ ಕೂತೆ. ಇನ್ನೊಂದು ಸಲ ಬರೀತೀನಿ.

ತಂಗಿ

---

12 ಜನವರಿ 2015

ನನ್ನ ಮುದ್ದು ತಂಗಿಗೆ,

ಆಯ್ತು! ಇಲಾಖೆಯವರು ತಮ್ಮ ಸರ್ವರಿನಲ್ಲಿ ಹಾಕಿದ್ರು. ಈಗ ನಿಜವಾದ ಅಂಗಡಿ, ನಿಜವಾದ ಗಿರಾಕಿ. ಮೊದಲನೇ ವಾರ ಗೇಟಿನ ಹೊರಗೆ ಅದೇ ಜನ ಅಭ್ಯಾಸಬಲದಿಂದ ಸರದಿಯಲ್ಲಿ ನಿಂತಿದ್ರಂತೆ, ಹೆಸರು ಹಾಕಿದವರೂ ನಿಂತಿದ್ರಂತೆ! ಈಗ ಗೇಟಿನ ಮುಂದೆ ಒಂದು ನಾಯಿ ಬಿಟ್ರೆ ಯಾರೂ ಇಲ್ಲ.

ಮಧ್ಯಾಹ್ನದ ಹೊತ್ತೂ ಸೇರಿಸಿದ್ದೀನಿ. ಗುಂಡಿ ಬೆಳಗ್ಗೆ ನಿಧಾನವಾಗಿ ಎದ್ದು, ಬಸ್ಸಲ್ಲಿ ಮಲಗಿಕೊಂಡೇ ಬರಬಹುದು. ಬಿಸಿಲಿಲ್ಲ, ಸರದಿಯಿಲ್ಲ, ಭಾನುವಾರವೂ ಇದೆ. ಇನ್ನು ನಿನಗೆ ಒಂದು ನೆಪವೂ ಉಳಿದಿಲ್ಲ ಕಳ್ಳಿ!

ವಿಳಾಸ ಈ ಪತ್ರದ ಹಿಂದೆ ಬರೆದಿದ್ದೀನಿ. ಅಂಗಡಿ ಕಂಪ್ಯೂಟರಿನಲ್ಲಿ ತೆರಿ. ನಿಮ್ಮ ಹೆಸರು ಬಂದಿದೆಯಾ ಅಂತ ನಾನು ಜೈಲಿನ ಕಚೇರಿಯಲ್ಲಿ ದಿನಾ ನೋಡ್ತಿರ್ತೀನಿ. ಯಾವುದಾದ್ರೂ ತಪ್ಪು ಬಂದ್ರೆ ಬರೆದು ಕಳಿಸು, ತಿದ್ತೀನಿ.

ಗುಂಡಿಗೆ ಹೇಳು. ಅಮ್ಮ ಕಾಯ್ತಿದ್ದಾಳೆ ಅಂತ ಹೇಳು.

ಅಕ್ಕ

---

23 ಫೆಬ್ರವರಿ 2015

ನೀನೂ ಗುಂಡಿಯೂ ಬಂದು ಹೋದ ಮೇಲೆ ಈ ಪತ್ರ ಬರೆಯೋಕೆ ಒಂದು ವಾರ ಬೇಕಾಯ್ತು.

ಭೇಟಿ ಕೋಣೆಗೆ ಅವಳು ನಿನ್ನ ಬೆರಳು ಹಿಡ್ಕೊಂಡು ಬಂದಳು. ಅದೇ ನೀಲಿ ಬೂಟು. ನಾನು ಮೊಣಕಾಲೂರಿ ಕೂತೆ. ಅವಳು ನನ್ನೆದುರಿಗೆ ನಿಂತು, ಅಭ್ಯಾಸ ಮಾಡಿಸಿದ ಪಾಠ ಒಪ್ಪಿಸೋ ಹಾಗೆ, “ನಮಸ್ಕಾರ ದೊಡ್ಡಮ್ಮ” ಅಂದಳು.

ನಾನು ನಿನ್ನ ಮುಖ ನೋಡಿದೆ. ನೀನು ನೆಲ ನೋಡ್ತಾ ಇದ್ದೆ.

“ಅಮ್ಮ ಹೇಳಿದ್ರು, ನೀವು ಇಲ್ಲಿ ಕಂಪ್ಯೂಟರ್ ಕೆಲಸ ಮಾಡ್ತೀರಂತೆ. ನಿಮ್ಮ ಆಫೀಸಲ್ಲಿ ಪೊಲೀಸ್ ಯಾಕಿದ್ದಾರೆ?”

“ಕಂಪ್ಯೂಟರನ್ನ ಕಳ್ಳರು ಕದೀಬಾರದು ಅಂತ” ಅಂದೆ ನಾನು. ಅವಳು ನಕ್ಕಳು. ನೀನೂ ನಕ್ಕೆ. ನಗೋಕೆ ನಿನಗೆ ಬಾಯಾದ್ರೂ ಹೇಗೆ ಬಂತು?

ಆಮೇಲೆ ಅವಳ ಬೂಟಿನ ದಾರ ಬಿಚ್ಚಿತು. ನಾನು ಕೈ ಚಾಚೋ ಮುಂಚೆ “ಅಮ್ಮಾ, ಕಟ್ಟು” ಅಂತ ಕಾಲು ನಿನ್ನ ಕಡೆ ಚಾಚಿದಳು. ನೀನು ಕಟ್ಟಿದೆ. ನಾನು ಕೂತು ನೋಡಿದೆ. ದೊಡ್ಡಮ್ಮ ಅಲ್ವಾ ನಾನು. ದೊಡ್ಡಮ್ಮಂದಿರು ಹಾಗೇ ಕೂತು ನೋಡ್ತಾರೆ.

ಒಂದು ವರ್ಷ. ನೀನು ಬಿಸಿಲು ಅಂದೆ, ನಾನು ಸರದಿ ತೆಗೆದೆ. ನೀನು ಭಾನುವಾರ ಅಂದೆ, ನಾನು ಭಾನುವಾರ ಕೂರಿಸಿದೆ. ವಾಂತಿ ಅಂದೆ ನೀನು, ಮಧ್ಯಾಹ್ನ ಇಟ್ಟೆ ನಾನು. ನಿನ್ನ ಒಂದೊಂದು ನೆಪಕ್ಕೂ ಒಂದೊಂದು ಕಾಂಪೊನೆಂಟ್ ಕಟ್ಟಿದ್ದೀನಲ್ಲೇ, ಎಂಥ ಪೆದ್ದಿ ನಾನು! ನೀನು ಬರಬಾರದು ಅಂತಿದ್ದೆ. ನಾನು ದಾರಿ ಮಾಡ್ತಾ ಕೂತಿದ್ದೆ.

ನನ್ನನ್ನ ಜೈಲಿಗೆ ಹಾಕಿದ್ದು ನ್ಯಾಯಾಧೀಶರು. ಅವರು ಗಾಡಿ ಓಡಿಸೋ ಲೈಸೆನ್ಸ್ ಕಿತ್ಕೊಂಡ್ರು. ಮಗಳನ್ನ ಕಿತ್ಕೊಳ್ಳಿ ಅಂತ ತೀರ್ಪಿನಲ್ಲಿ ಬರೆದಿರಲಿಲ್ಲ.

ಇನ್ನು ಬರೀಬೇಡ.

---

3 ಮಾರ್ಚ್ 2015

ಅಕ್ಕ,

ಬರೀಬೇಡ ಅಂದಿದ್ದೀಯ. ಆದ್ರೂ ಬರೀತಿದ್ದೀನಿ. ಬೈಯೋಕಾದ್ರೂ ಒಂದು ಪತ್ರ ಬರೀತೀಯೇನೋ ಅಂತ.

ನನ್ನನ್ನ ಅಮ್ಮ ಅನ್ನು ಅಂತ ನಾನು ಅವಳಿಗೆ ಕಲಿಸಲಿಲ್ಲ. ದೇವರಾಣೆ. ಮೊದಮೊದಲು ‘ಚಿಕ್ಕಮ್ಮ’ ಅಂತಲೇ ಕರೀತಿದ್ದಳು. ಆ ‘ಚಿಕ್ಕ’ ಅನ್ನೋದು ಅವಳ ಬಾಯಿಂದ ಯಾವಾಗ ಉದುರಿಹೋಯ್ತೋ ಗೊತ್ತಾಗಲಿಲ್ಲ. “ಚಿಕ್ಕಮ್ಮ ಅನ್ನು” ಅಂತ ತಿದ್ತಿದ್ದೆ. “ಚಿಕ್ಕಮ್ಮ” ಅಂತಾ ಇದ್ದಳು, ಮರುಗಳಿಗೆ ಮತ್ತೆ “ಅಮ್ಮಾ”. ಶಿಶುವಿಹಾರಕ್ಕೆ ಹೋದ ಮೊದಲನೇ ದಿನ, ಕರ್ಕೊಂಡು ಬರೋಕೆ ಹೋದಾಗ ಇನ್ನೊಂದು ಮಗು “ನಿಮ್ಮಮ್ಮ ಬಂದ್ರು ನೋಡೇ” ಅಂತು. ಗುಂಡಿ ಬಾಗಿಲಿಂದ ಹಾರಿ ಬಂದು ನನ್ನ ಸೊಂಟ ಹಿಡ್ಕೊಂಡಳು. ಅಷ್ಟು ಮಕ್ಕಳ ಎದುರಿಗೆ ನಾನು ತಿದ್ದಲಿಲ್ಲ. ಆಮೇಲೆ ತಿದ್ದೋಕೆ ನಾಲಿಗೆ ಬರಲಿಲ್ಲ.

ಇನ್ನೊಂದು ಮಾತು. ನನಗೆ ಮಕ್ಕಳಾಗಲ್ಲ ಅಂತ ಡಾಕ್ಟರ್ ಹೇಳಿದ್ದು ಅದೇ ವರ್ಷ. ನಿನಗೆ ಬರೆದಿಲ್ಲ. ಒಳಗಿರೋಳಿಗೆ ನನ್ನ ಗೋಳು ಯಾಕೆ ಅಂತ. ಇವರಿಗೆ ಅದನ್ನ ಹೇಳ್ತಾ ಕೂತಿದ್ದೆ. ಅವಳು ಗುಯ್ಯ ಎಳ್ಕೊಂಡು ಬಂದು ನಮ್ಮ ಕಾಲ ಸುತ್ತ ಗುಡಿಸಿದಳು.

ಸಬೂಬು ಹೇಳ್ತಿಲ್ಲ. ಹೀಗಾಯ್ತು ಅಂತ ಹೇಳ್ತಿದ್ದೀನಿ.

ತಂಗಿ

---

26 ಜುಲೈ 2015

ಅಕ್ಕ,

ನಿನ್ನ ಪತ್ರ ಬಂದು ಐದು ತಿಂಗಳಾಯ್ತು. ನಾನೇ ಅಂಗಡಿ ಕಂಪ್ಯೂಟರಿನಲ್ಲಿ ಭೇಟಿಗೆ ಹೆಸರು ಹಾಕಿದ್ದೆ, ನನ್ನೊಬ್ಬಳದೇ. ಎರಡು ದಿನಕ್ಕೆ ಉತ್ತರ ಬಂತು. ‘ನೀವು ನೋಡಬಯಸಿದವರು ಈ ಸಲ ಭೇಟಿಗೆ ಸಿದ್ಧರಿಲ್ಲ. ದಯವಿಟ್ಟು ಬೇಸರ ಮಾಡ್ಕೋಬೇಡಿ, ಊಟ ಮಾಡಿ.’

ಯಾವ ಇಲಾಖೆ ಹೀಗೆ ಬರೆಯುತ್ತೆ? ನಿನ್ನ ಮಾತೇ ಅದು, ನೋಡಿದ ತಕ್ಷಣ ಗೊತ್ತಾಯ್ತು. ಯಾರೋ ಕಾಣದ ಜನಕ್ಕೆ ಬೇಜಾರಾಗದಿರಲಿ ಅಂತ ಬರೆದಿದ್ದು, ನನಗೇ ಬಂತು. ಗಿರಾಕಿಗಳೆಲ್ಲ ಕೂತಿದ್ದ ಹಾಗೇ ಅತ್ತೆ. ಮಾಲೀಕರು ಕಣ್ಣಿಗೆ ಗಾಜಿನ ಪುಡಿ ಹೋಯ್ತೇನೋ ಅಂತ ನೀರು ತಂದುಕೊಟ್ರು.

ಮತ್ತೆ ಹಾಕ್ತೀನಿ. ಬೇಡ ಅನ್ನು, ಪರವಾಗಿಲ್ಲ.

ತಂಗಿ

---

8 ನವೆಂಬರ್ 2015

ತಂಗಿಗೆ,

ಒಳ್ಳೆಯ ನಡತೆ ಅಂತ ಶಿಕ್ಷೆ ಕಮ್ಮಿ ಮಾಡಿದ್ದಾರೆ. ಹೊಸ ವರ್ಷಕ್ಕೆ ಬಿಡ್ತಾರೆ. ಮೇಡಂ ಒಂದು ಕಡೆ ಮಾತಾಡಿದ್ದಾರೆ, ಆಸ್ಪತ್ರೆಗಳಿಗೆ ವೆಬ್ ಅಪ್ಲಿಕೇಶನ್ ಕಟ್ಟೋ ಚಿಕ್ಕ ಕಚೇರಿ. ನಾನೆಲ್ಲಿಂದ ಬಂದವಳು ಅಂತ ಅವರಿಗೆ ಗೊತ್ತು. ಗೊತ್ತಿದ್ದೂ ಬಾ ಅಂದಿದ್ದಾರೆ.

ಮೊದಲು ನಿನ್ನ ಮನೆಗೆ ಬರ್ತೀನಿ. ಗುಂಡಿಯನ್ನ ಕರ್ಕೊಂಡು ಹೋಗೋಕೆ.

ಅಕ್ಕ

---

20 ನವೆಂಬರ್ 2015

ಅಕ್ಕ,

ಬಾ.

ಅವಳ ಬಟ್ಟೆಯೆಲ್ಲ ಒಗೆದು ಮಡಿಸಿಡ್ತೀನಿ. ಬೆಳ್ಳುಳ್ಳಿ ಮುಟ್ಟಲ್ಲ ಅವಳು. ತಲೆಗೆ ನೀರು ಹಾಕುವಾಗ ಕಣ್ಣು ಮುಚ್ಕೊಳ್ಳಲ್ಲ, ನಮ್ಮ ಕೈಯನ್ನ ಹಣೆಗೆ ಅಡ್ಡ ಹಿಡೀಬೇಕು. ಮಿಕ್ಕಿದ್ದನ್ನ ನೀನೇ ಕಲೀತೀಯ.

ಒಂದೇ ಒಂದು ಕೇಳ್ಕೋತೀನಿ. ಅವಳಿಗೆ ಹೇಳೋದನ್ನ ನೀನೇ ಹೇಳು. ನನ್ನ ಬಾಯಲ್ಲಿ ಹೇಳಿಸ್ಬೇಡ.

ತಂಗಿ

---

6 ಫೆಬ್ರವರಿ 2016

ಪ್ರೀತಿಯ ತಂಗಿಗೆ,

ಕೆಲಸಕ್ಕೆ ಸೇರಿದೆ. ಕಚೇರಿಯ ಹಿಂದೆಯೇ ಒಂದು ಕೋಣೆ ಸಿಕ್ಕಿದೆ. ಕಿಟಕಿಗೆ ಸರಳಿದೆ, ಎಲ್ಲರ ಕಿಟಕಿಗೂ ಇರುತ್ತೆ ಅಂತ ನನಗೆ ನಾನೇ ಹೇಳ್ಕೋತೀನಿ. ನಾನು ಒಳಗೆ ಕಲಿತದ್ದು ಹಳೆಯ ಆವೃತ್ತಿಯಂತೆ. ಇಲ್ಲಿ ಎಷ್ಟೋ ಬದಲಾಗಿದೆ, ಹುಡುಗಿಯರ ಪಕ್ಕ ಕೂತು ಮತ್ತೆ ಅ ಆ ಇ ಈ. ಪರವಾಗಿಲ್ಲ, ಬೇಗ ಕಲೀತೀನಿ.

ಮಗಳನ್ನ ಕರ್ಕೊಂಡು ಹೋಗ್ತೀನಿ ಅಂತ ಬಂದವಳು ಒಬ್ಬಳೇ ಹೊರಟಾಗ ನೀನು ಒಂದು ಮಾತೂ ಕೇಳಲಿಲ್ಲ. ಕೇಳಿದ್ರೆ ಎಲ್ಲಿ ಮನಸ್ಸು ಬದಲಾಯಿಸ್ತೀನೋ ಅಂತ ಹೆದರಿದ್ದೆ ನೀನು. ನನಗೆ ಅರ್ಥವಾಯ್ತು. ಅದಕ್ಕೇ ಈಗ ಬರೀತಿದ್ದೀನಿ.

ನಿಮ್ಮ ಮನೇಲಿದ್ದಷ್ಟು ದಿನವೂ ಅವಳಿಗೆ ಹೇಳಬೇಕು ಅಂತಲೇ ಏಳ್ತಿದ್ದೆ. ಮಾತನ್ನೂ ಜೋಡಿಸಿಟ್ಟಿದ್ದೆ. ಕೊನೆಗೆ ಒಂದು ಬೆಳಗ್ಗೆ, ಇವತ್ತು ಹೇಳೇಬಿಡ್ತೀನಿ ಅಂತ ಅವಳನ್ನ ಮೆಟ್ಟಿಲ ಮೇಲೆ ಕೂರಿಸ್ಕೊಂಡೆ. ನೀನು ಒಳಗೆ ಪಾತ್ರೆ ತೊಳೀತಿದ್ದೆ. “ಗುಂಡಿ, ನಿನಗೊಂದು ಕಥೆ ಹೇಳ್ಲಾ?” ಅಂದೆ. ಕಥೆ ಅಂದದ್ದೇ ತಡ, ಖುಷಿಗೆ ಎದ್ದು ಕುಣಿಯೋಕೆ ಹೋಗಿ ಕಾಲು ಜಾರಿ ಕೆಳಗಿನ ಮೆಟ್ಟಿಲಿಗೆ ಬಿದ್ದಳು. ಮಂಡಿ ಸುಲಿದು ರಕ್ತ ಬಂತು. ನಾನು ಎರಡೂ ಕೈ ಚಾಚಿದ್ದೆ ಕಣೆ. ಪಕ್ಕದಲ್ಲೇ ಇದ್ದೆ. ಅವಳು ಎದ್ದು, ನನ್ನ ಕೈಗೆ ಸಿಗದೆ, ನನ್ನನ್ನ ದಾಟಿ, ಅಳ್ತಾ ಒಳಗೆ ನಿನ್ನ ಹತ್ರ ಓಡಿದಳು.

ನನ್ನ ಕೈ ಹಾಗೇ ಇತ್ತು, ಚಾಚಿದ ಹಾಗೆ. ನೀನು ಒದ್ದೆ ಕೈಯಲ್ಲೇ ಅವಳನ್ನ ಎತ್ಕೊಂಡೆ. ಅಳು ನಿಂತೇಹೋಯ್ತು. ಆವತ್ತೇ ನನ್ನ ಚೀಲ ತುಂಬಿದೆ.

ಬಸ್ ಸ್ಟಾಪಿನ ತನಕ ಅವಳೊಬ್ಬಳೇ ನನ್ನ ಜೊತೆ ಬಂದಳಲ್ಲ, ಹಿಂದೆ ಸ್ವಲ್ಪ ದೂರದಲ್ಲಿ ನಿನ್ನ ಗಂಡ. ಆಗ ನಡೆದ ಮಾತು ನಿನಗೆ ಗೊತ್ತಿಲ್ಲ.

“ದೊಡ್ಡಮ್ಮ, ನಿಮಗೆ ಮಕ್ಕಳಿಲ್ವಾ?”

“ಇದ್ದಾಳೆ, ಒಬ್ಬಳು.”

“ಎಲ್ಲಿ?”

“ಅವಳ ಮನೇಲಿ.”

“ನಿಮ್ಮನ್ನ ನೋಡೋಕೆ ಬರಲ್ವಾ? ಕೋಪಾನಾ?”

“ಕೋಪ ಇಲ್ಲ ಮರಿ. ಪಾಪ, ಅವಳಿಗೆ ಗೊತ್ತಿಲ್ಲ.”

“ಏನು ಗೊತ್ತಿಲ್ಲ?”

ಅಷ್ಟರಲ್ಲಿ ಬಸ್ ಬಂತು.

ನಾನು ಹತ್ತಿದೆ. ಅವಳು ಕೆಳಗೆ ನಿಂತು, ಕೈ ಬೀಸೋದು ಮರೆತು, ಮತ್ತೊಂದು ಸಲ “ಏನು ಗೊತ್ತಿಲ್ಲ ದೊಡ್ಡಮ್ಮ?” ಅಂತ ಕೂಗಿದಳು. ಬಾಗಿಲು ಮುಚ್ಚಿತು. ಅವಳ ಬಾಯಿ ಮಾತ್ರ ಆಡ್ತಿತ್ತು. ನಾನು ಆಚೆ ಕಡೆಯ ಸೀಟಿಗೆ ಹೋಗಿ ಕೂತೆ.

ಮನೆಗೆ ಬಂದು ನಿನ್ನನ್ನ ಕೇಳಿದಳೋ ಇಲ್ವೋ. ಕೇಳಿರದಿದ್ರೆ ಬಿಡು, ಮಕ್ಕಳು ಮರೀತಾರೆ. ಎಂದಾದ್ರೂ ಒಂದು ದಿನ ಅವಳಾಗೇ ಕೇಳಿದ್ರೆ ಮಾತ್ರ ಸುಳ್ಳು ಹೇಳ್ಬೇಡ. ಅಲ್ಲೀವರೆಗೂ ನಾನಾಗಿ ಬಾಯಿ ಬಿಡಲ್ಲ.

ಮಂಡಿ ಗಾಯಕ್ಕೆ ಪಟ್ಟಿ ಬಿಗಿಯಾಗಿ ಕಟ್ಬೇಡ. ಗಾಳಿಯಾಡಲಿ. ಬೇಗ ಮಾಯುತ್ತೆ.

ಅಕ್ಕ